ಗಂಗಾಳದಲ್ಲಿ ಉಳಿದ ಹುಗ್ಗಿ

ನಮ್ಮೂರ ಜಾತ್ರೆಯ ಪ್ರಸಾದ ಗೋಧಿ ಹುಗ್ಗಿ. ರೋಣ ತಾಲೂಕಿನ ಸಣ್ಣ ಊರು, ಸಣ್ಣ ಮಠ. ಕುಟ್ಟಿ ತೌಡು ಬಿಡಿಸಿದ ಗೋಧಿಯನ್ನು ಹಿಂದಿನ ರಾತ್ರಿಯೇ ಕೊಪ್ಪರಿಗೆಗೆ ಹಾಕಿ ಬೆಂಕಿ ಹಚ್ಚುತ್ತಾರೆ. ಬೆಳಗಿನ ಜಾವ ಬೆಲ್ಲ ಬೀಳುತ್ತದೆ, ಆಮೇಲೆ ಗಸಗಸೆ, ಒಣಕೊಬ್ಬರಿ, ಏಲಕ್ಕಿ. ಚಿಕ್ಕಂದಿನಿಂದ ನನಗೆ ಜಾತ್ರೆಯೆಂದರೆ ತೇರಿಗಿಂತ ಮೊದಲು ಆ ವಾಸನೆ.

2014ರ ಜಾತ್ರೆಯಲ್ಲಿ ಪಂಕ್ತಿಯೊಳಗೆ ಅವ್ವನ ಪಕ್ಕ ಕೂತಿದ್ದೆ. ಬಡಿಸುವ ಹುಡುಗ ಬಂದಾಗ ಗಂಗಾಳಕ್ಕೆ ಕೈ ಅಡ್ಡ ಹಿಡಿಯಬೇಕೆಂದು ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಕೈ ಎತ್ತುವಷ್ಟರಲ್ಲಿ ಒಂದು ಸೌಟು ಹುಗ್ಗಿ ಬಿದ್ದೇ ಬಿಟ್ಟಿತು. ಅದರ ಮೇಲೆ ತುಪ್ಪ. ನಮ್ಮ ಮನೆತನದಲ್ಲಿ ಪ್ರಸಾದ ಬಿಟ್ಟು ಎದ್ದವರಿಲ್ಲ. ಅಪ್ಪ ಉಂಡಾದ ಮೇಲೆ ಗಂಗಾಳ ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು, ಒಂದು ಅಗುಳೂ ನೆಲಕ್ಕೆ ಹೋಗಬಾರದೆಂದು. ಅವರ ಮಗಳು ನಾನು ಆ ದಿನ ಹುಗ್ಗಿಯನ್ನು ಮುಟ್ಟದೆ ಕೂತೆ. ಅವ್ವ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಗಂಗಾಳವನ್ನು ತನ್ನ ಕಡೆ ಎಳೆದುಕೊಂಡು, ತನಗೆ ಹಸಿವಿಲ್ಲದಿದ್ದರೂ ಅಷ್ಟನ್ನೂ ಉಂಡಳು. ಮನೆಗೆ ಬರುವ ದಾರಿಯಲ್ಲಿ ಒಂದೇ ಮಾತು ಕೇಳಿದಳು: “ಪ್ರಸಾದದಾಗ ಎಂಥಾ ರೋಗವ್ವಾ? ಎಡಿ ಹಿಡದ ಮ್ಯಾಲೂ ಅದು ಗೋದಿಯಾಗೇ ಉಳೀತೈತೇನು?”

ಆಮೇಲೆ ಎರಡು ದಿನ ಅವಳು ಮಾತಾಡಲಿಲ್ಲ. ಅವಳ ಪ್ರಶ್ನೆ ಮಾತ್ರ ನನ್ನ ಜೊತೆ ಧಾರವಾಡಕ್ಕೆ ಬಂತು. ಅದು ತಿಳಿಯದ ಮುದುಕಿಯ ಪ್ರಶ್ನೆ ಎಂದು ನನಗೆ ಒಂದು ಗಳಿಗೆಯೂ ಅನ್ನಿಸಿಲ್ಲ. ಜೀವಶಾಸ್ತ್ರ ಪಾಠ ಹೇಳಿಕೊಂಡು ಬಂದ ನನಗೆ ಅದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿಲ್ಲ.

ನನಗಿರುವುದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಈ ಮೂರರಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಒಳಗೆ ಹೋದರೆ ನನ್ನ ದೇಹದ ರಕ್ಷಣಾ ಪಡೆಯೇ ನನ್ನ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಹೋಳಿಗೆಯ ಕಣಕ ಹರಿಯದೆ ಬೇಕಾದಷ್ಟು ಜಗ್ಗುತ್ತದಲ್ಲ, ಆ ಜಗ್ಗುವ ಗುಣವೇ ಗ್ಲುಟೆನ್‌ನದು. ಹೆಸರು ಗೊತ್ತಾಗುವ ಮುಂಚೆ ಹನ್ನೊಂದು ವರ್ಷ ಕಬ್ಬಿಣದ ಗುಳಿಗೆ ನುಂಗಿದ್ದೇನೆ. ಹಿಮೋಗ್ಲೋಬಿನ್ ಏಳರ ಕೆಳಗೆ ಇಳಿದಾಗಲೂ ವೈದ್ಯರೊಬ್ಬರು ಹೆಣ್ಣುಮಕ್ಕಳಿಗೆ ಇದು ಇದ್ದದ್ದೇ ಎಂದು ಅದೇ ಗುಳಿಗೆಯನ್ನು ಬರೆದುಕೊಟ್ಟರು. ಬಾಯಿಹುಣ್ಣು, ಉಬ್ಬುವ ಹೊಟ್ಟೆ, ಮೆಟ್ಟಿಲು ಹತ್ತಿದರೆ ಏದುಸಿರು. ಶಕ್ತಿ ಬರಲಿ ಎಂದು ಅವ್ವ ಊರಿಂದ ಗೋಧಿ ಮಾದಲಿ ಕಳಿಸುತ್ತಿದ್ದಳು, ನಾನು ತಿನ್ನುತ್ತಿದ್ದೆ.

ಗುರುತು ಹಿಡಿಯಲು ತಡವಾದದ್ದಕ್ಕೆ ಕಾರಣ ಇಲ್ಲದಿಲ್ಲ. 23,331 ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟವಾದ ಒಂದು ಭಾರತೀಯ ಅಧ್ಯಯನದ ಪ್ರಕಾರ ಉತ್ತರ ಭಾರತದಲ್ಲಿ ಸಾವಿರಕ್ಕೆ 8.53 ಮಂದಿಗೆ ಈ ಕಾಯಿಲೆ ಇದ್ದರೆ, ದಕ್ಷಿಣದಲ್ಲಿ 0.11 ಮಾತ್ರ. ಅಕ್ಕಿ, ಜೋಳ, ರಾಗಿಯ ಸೀಮೆಯಲ್ಲಿ ಇದನ್ನು ಯಾರು ಹುಡುಕುತ್ತಾರೆ? ಆದರೆ ಹತ್ತು ಸಾವಿರಕ್ಕೆ ಒಬ್ಬರು ಎಂದರೂ ಆ ಒಬ್ಬರು ಇದ್ದೇ ಇರುತ್ತಾರೆ. ನಮ್ಮ ಗದಗ, ಧಾರವಾಡದ ಕಡೆ ಜೋಳದ ಜೊತೆ ಗೋಧಿಯೂ ಮನೆಯ ಧಾನ್ಯವೇ.

ಕೊನೆಗೆ 2013ರಲ್ಲಿ ರಕ್ತಪರೀಕ್ಷೆ ಆಗಿ, ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದರು. ಪ್ಯಾಥಾಲಜಿಯವರು ನನ್ನ ಕಸುಬು ಕೇಳಿ ಸ್ಲೈಡನ್ನು ತೋರಿಸಿದರು. ಹದಿನಾರು ವರ್ಷ ನಾನು ಕರಿಹಲಗೆಯ ಮೇಲೆ ಸಣ್ಣ ಕರುಳಿನ ವಿಲ್ಲೈಗಳನ್ನು ಬೆರಳುಗಳ ಸಾಲಿನಂತೆ ಬರೆದಿದ್ದೆ. ಆ ಬೆರಳುಗಳಿಂದಲೇ ಅನ್ನ ರಕ್ತಕ್ಕೆ ಸೇರುವುದು ಎಂದು ಮಕ್ಕಳಿಗೆ ಹೇಳಿದ್ದೆ. ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟರೆ ಬೆರಳೇ ಇಲ್ಲ. ಗುಲಾಬಿ ನೆಲ, ಅದರ ತುಂಬ ನೀಲಿ ಚುಕ್ಕೆಗಳ ಗುಂಪು, ಅಲ್ಲಲ್ಲಿ ಮೊಂಡು ಕುರುಹು. ಜೋಳ ಕೊಯ್ದ ಮೇಲೆ ಹೊಲದಲ್ಲಿ ಉಳಿಯುವ ಕೂಳೆ ನೆನಪಾಯಿತು. ಕಣ್ಣು ತೆಗೆಯಲು ಮನಸ್ಸಾಗದೆ ಬಹಳ ಹೊತ್ತು ನೋಡಿದೆ. ಇದು ನಾನು ಎಂದು ಹೇಳಿಕೊಳ್ಳಲು ಆಗಲಿಲ್ಲ, ನಾನಲ್ಲ ಎನ್ನಲೂ ಆಗಲಿಲ್ಲ.

ಈಗ ಅವ್ವನ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲಿ ಪ್ರಸಾದ ಬಾಯಿ ಸಿಹಿ ಮಾಡಿಕೊಳ್ಳುವ ತಿನಿಸಲ್ಲ. ಅಷ್ಟಾವರಣದಲ್ಲಿ ಅದೂ ಒಂದು, ಷಟ್‌ಸ್ಥಲದಲ್ಲಿ ಪ್ರಸಾದಿ ಎಂಬುದೇ ಒಂದು ಸ್ಥಲ. ಭಕ್ತ ತಂದದ್ದು ಪದಾರ್ಥ, ಲಿಂಗಕ್ಕೆ ಅರ್ಪಿತವಾದ ಮೇಲೆ ಅದು ಪ್ರಸಾದ. ಅರ್ಪಣೆಯಲ್ಲಿ ಪದಾರ್ಥದ ಪೂರ್ವಾಶ್ರಯ, ಅಂದರೆ ಅದರ ಹಿಂದಿನ ನೆಲೆ, ಕಳೆಯುತ್ತದೆ ಎಂದು ಶರಣರು ಹೇಳುತ್ತಾರೆ. ಮರುಳಶಂಕರದೇವರು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಪ್ರಸಾದದ ಬಳಿ ಯಾರ ಕಣ್ಣಿಗೂ ಬೀಳದೆ ಹನ್ನೆರಡು ವರ್ಷ ಇದ್ದರಂತೆ. ಅಲ್ಲಮಪ್ರಭು ಬಂದಾಗಲೇ ಲೋಕಕ್ಕೆ ಅವರ ಗುರುತು ಸಿಕ್ಕಿತು. ಅಂಥ ಕಥೆ ಕೇಳಿ ಬೆಳೆದವಳಿಗೆ, ಎಡೆ ಹಿಡಿದ ಹುಗ್ಗಿಯಲ್ಲಿ ಗ್ಲುಟೆನ್ ಹಾಗೇ ಇದೆ ಎಂದು ಮಗಳು ಹೇಳಿದರೆ ಏನು ಕೇಳಿಸುತ್ತದೆ? ಲಿಂಗ ಅದನ್ನು ಮುಟ್ಟಲೇ ಇಲ್ಲ ಎಂದೇ ಕೇಳಿಸುತ್ತದೆ.

ತೈತ್ತಿರೀಯ ಉಪನಿಷತ್ತಿನಲ್ಲಿ ವರುಣನ ಮಗ ಭೃಗು ತಪಸ್ಸು ಮಾಡಿ ಮೊದಲು ಬ್ರಹ್ಮವೆಂದು ಅರಿತದ್ದು ಅನ್ನವನ್ನು. ಅನ್ನವನ್ನು ಹಳಿಯಬಾರದು, ಅದೇ ವ್ರತ ಎಂದೂ ಅಲ್ಲಿ ಬರುತ್ತದೆ. ಇವು ಎಲ್ಲರೂ ಎತ್ತಿ ಆಡುವ ಮಾತುಗಳು. ಅದೇ ಉಪನಿಷತ್ತು ಅನ್ನ ಎಂಬ ಪದಕ್ಕೆ ಕೊಡುವ ಅರ್ಥವನ್ನು ಮಾತ್ರ ಯಾರೂ ಎತ್ತುವುದಿಲ್ಲ: ಜೀವಿಗಳು ತಿನ್ನುವುದರಿಂದಲೂ, ಜೀವಿಗಳನ್ನು ತಾನು ತಿನ್ನುವುದರಿಂದಲೂ ಅದಕ್ಕೆ ಅನ್ನವೆಂದು ಹೆಸರು. ಆ ಎರಡನೆಯ ಅರ್ಧವನ್ನು ಓದಿದಾಗ ನನಗೆ ಸ್ಲೈಡಿನ ಕೂಳೆ ಕಣ್ಣ ಮುಂದೆ ಬಂತು. ಹಳಬರು ಅನ್ನಕ್ಕೆ ಕೈಮುಗಿದದ್ದು ಅದರ ಎರಡು ಮುಖವನ್ನೂ ಬಲ್ಲವರಾಗಿ. ಅದು ತಿಳಿದ ಮೇಲೆ ನನಗೆ ಗೋಧಿಯ ಮೇಲಿದ್ದ ಸಿಟ್ಟು ಹೋಯಿತು.

ಗೋಧಿಯ ಈ ಎರಡನೆಯ ಮುಖವನ್ನು ಕಂಡವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕೆ. ಹೇಗ್ ನಗರದ ಆಸ್ಪತ್ರೆಯಲ್ಲಿ ಹೊಟ್ಟೆಯುಬ್ಬಿ ಕೈಕಾಲು ಕಡ್ಡಿಯಾದ ಮಕ್ಕಳನ್ನು ಅವರು ನೋಡುತ್ತಿದ್ದರು. ಬ್ರೆಡ್ ಬಿಡಿಸಿದರೆ ಮಗುವಿಗೆ ಗುಣ ಕಾಣುತ್ತದೆ ಎಂದು ಒಬ್ಬ ತಾಯಿ ಹೇಳಿದ್ದನ್ನು ಅವರು ತಳ್ಳಿಹಾಕಲಿಲ್ಲ. 1930ರ ದಶಕದಿಂದಲೇ ಗೋಧಿ ಇಲ್ಲದ ಊಟ ಕೊಟ್ಟು ನೋಡುತ್ತಿದ್ದರು. ಅಷ್ಟರಲ್ಲಿ ಯುದ್ಧ. 1944–45ರ ಚಳಿಗಾಲದಲ್ಲಿ ಜರ್ಮನರ ಹಿಡಿತದಲ್ಲಿದ್ದ ಪಶ್ಚಿಮ ಹಾಲೆಂಡಿಗೆ ಆಹಾರ ಬರುವುದು ನಿಂತಿತು. ಜನ ಟ್ಯುಲಿಪ್ ಗಡ್ಡೆ ಬೇಯಿಸಿ ತಿಂದರು, ಸುಮಾರು ಇಪ್ಪತ್ತು ಸಾವಿರ ಮಂದಿ ಸತ್ತರು. ಆ ಬರಗಾಲದಲ್ಲಿ ಬ್ರೆಡ್ ಸಿಗದ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು. ಆಮೇಲೆ ಸ್ವೀಡನ್ನಿನ ಹಿಟ್ಟಿನಿಂದ ಮಾಡಿದ ಬಿಳಿ ಬ್ರೆಡ್ ಬಂತು. 1945ರ ಏಪ್ರಿಲ್ ಕೊನೆಗೆ ಬ್ರಿಟಿಷ್ ವಿಮಾನಗಳು ಆಕಾಶದಿಂದ ಆಹಾರ ಸುರಿದವು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ಮನ್ನಾ, ಬೈಬಲ್ಲಿನಲ್ಲಿ ದೇವರು ಮರುಭೂಮಿಯಲ್ಲಿ ಇಳಿಸಿದ ಅನ್ನ. ಬ್ರೆಡ್ ಮರಳಿದ ಮೇಲೆ ಈ ಮಕ್ಕಳು ಮತ್ತೆ ಹಾಸಿಗೆ ಹಿಡಿದರು. ಹಸಿದ ಒಂದು ದೇಶವೇ ದೇವರ ಅನುಗ್ರಹವೆಂದು ಕಣ್ಣಿಗೊತ್ತಿಕೊಂಡ ರೊಟ್ಟಿ ಕೆಲವು ಕೂಸುಗಳಿಗೆ ವಿಷವಾಯಿತು. ಡಿಕೆ ಅದನ್ನು ತೂಕ, ಎತ್ತರ, ಮಲದಲ್ಲಿ ಹೋಗುವ ಕೊಬ್ಬಿನ ಲೆಕ್ಕದಿಂದ ತೋರಿಸಿ 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಒಪ್ಪಿಸಿದರು. ಕರುಳಿನೊಳಗೆ ಏನಾಗುತ್ತದೆಂದು ಕಾಣಲು ಇನ್ನೂ ನಾಲ್ಕು ವರ್ಷ ಬೇಕಾಯಿತು. ಸತ್ತ ಮೇಲೆ ಕರುಳಿನ ಒಳಪದರ ಬೇಗ ಕರಗಿಹೋಗುವುದರಿಂದ ಶವಪರೀಕ್ಷೆಯಲ್ಲಿ ಕಂಡ ಹಾನಿಯನ್ನು ಯಾರೂ ನಂಬುತ್ತಿರಲಿಲ್ಲ. 1954ರಲ್ಲಿ ಇಂಗ್ಲೆಂಡಿನ ಪಾಲಿ ಎಂಬ ವೈದ್ಯರು ಶಸ್ತ್ರಚಿಕಿತ್ಸೆಯಲ್ಲಿ, ಬದುಕಿರುವ ರೋಗಿಯಿಂದ ತೆಗೆದ ಚೂರಿನಲ್ಲಿ ಮೊಂಡಾದ ವಿಲ್ಲೈಗಳನ್ನು ತೋರಿಸಿದರು.

ಅವ್ವನ ಪ್ರಶ್ನೆಯನ್ನು ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಎದುರಿಸಿದ ಇನ್ನೊಂದು ಧರ್ಮವಿದೆ ಎಂದು ನನಗೆ ತಿಳಿದದ್ದು ಕಾಲೇಜಿನ ಸಹೋದ್ಯೋಗಿಯಿಂದ. ಮಂಗಳೂರಿನ ಕ್ಯಾಥೊಲಿಕ್ ಮನೆತನದವರು. ಪೂಜೆಯಲ್ಲಿ ಕೊಡುವ ತೆಳು ಗೋಧಿ ರೊಟ್ಟಿ ಕ್ರಿಸ್ತನ ದೇಹವೇ ಆಗುತ್ತದೆ ಎಂಬುದು ಅವರ ವಿಶ್ವಾಸ. ಹಾಗಾದರೆ ಸೀಲಿಯಾಕ್ ಇರುವವರ ಗತಿ? 2003ರಲ್ಲಿ ಒಮ್ಮೆ, 2017ರಲ್ಲಿ ಮತ್ತೊಮ್ಮೆ ವ್ಯಾಟಿಕನ್ ಇದಕ್ಕೆ ಉತ್ತರ ಬರೆಯಿತು. ಗ್ಲುಟೆನ್ ಸ್ವಲ್ಪವೂ ಇಲ್ಲದ ರೊಟ್ಟಿ ಸಲ್ಲದು, ಅತಿ ಕಡಿಮೆ ಇರುವುದು ಸಲ್ಲುತ್ತದೆ, ಅದೂ ಆಗದವರು ದ್ರಾಕ್ಷಾರಸ ಮಾತ್ರ ಸ್ವೀಕರಿಸಬಹುದು. ಅಮೆರಿಕದ ಮಿಸೌರಿಯ ಕ್ಲೈಡ್ ಎಂಬಲ್ಲಿರುವ ಬೆನೆಡಿಕ್ಟೈನ್ ಕನ್ಯಾಸ್ತ್ರೀಯರು ಗೋಧಿಯ ಪಿಷ್ಟದಿಂದ 0.01 ಶೇಕಡಾದಷ್ಟೇ ಗ್ಲುಟೆನ್ ಉಳಿಯುವ ರೊಟ್ಟಿಯನ್ನು ಮಾಡಿದ್ದಾರೆ. ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲದಿದ್ದರೆ ಅದು ಅಂಟಿಕೊಳ್ಳುವುದಿಲ್ಲ, ಪುಡಿಯಾಗುತ್ತದೆ. ಹಿಡಿದರೆ ನಿಲ್ಲುವಂಥ ರೊಟ್ಟಿಗಾಗಿ ಆ ಹೆಣ್ಣುಮಕ್ಕಳು ಮಾಡಿದ ಪ್ರಯತ್ನವನ್ನು ಯೋಚಿಸಿದರೆ ನನ್ನ ಕಣ್ಣು ತುಂಬುತ್ತದೆ. ಯಾರೋ ಕಾಣದವರು ಪಂಕ್ತಿಯಿಂದ ಹೊರಗುಳಿಯಬಾರದು ಎಂಬ ಕಾಳಜಿ ಅದು. ಕ್ಯಾಥೊಲಿಕರ ಶಾಸ್ತ್ರದ ವಾದವೂ ಸ್ಪಷ್ಟವಾಗಿದೆ. ರೊಟ್ಟಿಯ ತತ್ತ್ವ ಬದಲಾಗುತ್ತದೆ. ಅದರ ರುಚಿ, ಬಣ್ಣ, ತೂಕ, ಇಂದ್ರಿಯಕ್ಕೆ ಸಿಗುವುದೆಲ್ಲ ಹಾಗೇ ಉಳಿಯುತ್ತದೆ. ಕರುಳು ಮುಟ್ಟುವುದು ಹಾಗೇ ಉಳಿದ ಭಾಗವನ್ನು.

ನನಗೆ ಆ ಉತ್ತರ ಅರ್ಧ ಸಮಾಧಾನ ಕೊಟ್ಟಿತು. ಇನ್ನರ್ಧ ನಮ್ಮ ಮಾತಿನಲ್ಲೇ ಸಿಗಬೇಕಾಗಿತ್ತು.

ಮರುವರ್ಷ ಜಾತ್ರೆಗೆ ಮೊದಲೇ ಮಠಕ್ಕೆ ಹೋಗಿ ಅಲ್ಲಿನ ಸ್ವಾಮಿಗಳಾದ ಅಜ್ಜಾರಿಗೆ ಎಲ್ಲವನ್ನೂ ಹೇಳಿದೆ. ವಯಸ್ಸಾದವರು, ಹೆಚ್ಚು ಓದಿದವರಲ್ಲ. ಸ್ಲೈಡಿನ ಫೋಟೊವನ್ನು ಮೊಬೈಲಿನಲ್ಲಿ ಕಣ್ಣ ಹತ್ತಿರ ಹಿಡಿದು ನೋಡಿದರು. “ಎಷ್ಟು ತಿಂದ್ರ ಹಿಂಗಾಕ್ಕೈತಿ?” ಎಂದು ಕೇಳಿದರು. ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ ಮೂರು ತಿಂಗಳು ಹೋದರೆ ಕರುಳು ಕೆಡುವುದು ಇಟಲಿಯ ಅಧ್ಯಯನದಲ್ಲಿ ಕಂಡಿದೆ, ಒಂದು ಬ್ರೆಡ್ ತುಂಡಿನಲ್ಲೇ ಅದರ ನಲವತ್ತು ಪಟ್ಟು ಇರುತ್ತದೆ ಎಂದೆ. ಅವರು ಸುಮ್ಮನಾದರು. ಆಮೇಲೆ ಅಂದರು: “ಪೂರ್ವಾಶ್ರಯ ಕಳೀಬೇಕಾದ್ದು ಗೋದಿದಲ್ಲವ್ವಾ. ‘ನಂದು’ ಅಂತಿದ್ದೆಲ್ಲಾ, ಅದರದು. ಗೋದಿ ಗುಣ ಗೋದಿಗೆ ಇದ್ದದ್ದ. ಲಿಂಗ ನಿನ್ನ ಅಂಗೈಯಾಗ ಐತಿ, ನಿನ್ನ ನಾಲಿಗೀಲೇ ಉಣ್ಣತೈತಿ. ಅದಕ್ಕ ಸೇರೂದನ್ನ ಎಡಿ ಹಿಡಿ.”

ಲಿಂಗ ಭಕ್ತನ ಇಂದ್ರಿಯಗಳ ಮುಖದಿಂದಲೇ ಸ್ವೀಕರಿಸುತ್ತದೆ ಎಂಬ ಮಾತನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಅದು ನನ್ನ ಕರುಳಿನ ತನಕ ಇಳಿದದ್ದು ಆ ದಿನ. ಅರ್ಪಣೆಯಲ್ಲಿ ಪ್ರೋಟೀನಿನ ಅಣು ಬದಲಾಗುತ್ತದೆ ಎಂದು ಶರಣರು ಹೇಳಿರಲಿಲ್ಲ. ಬೆಳೆದವನು, ಕೊಂಡವನು, ಉಣ್ಣುವವನು ಆ ಕಾಳಿನ ಮೇಲೆ ಇಟ್ಟ ಒಡೆತನ ಅಲ್ಲಿ ಬಿಟ್ಟುಹೋಗುತ್ತದೆ. ಹಾಗೆ ನೋಡಿದರೆ ಅರ್ಪಿತವಾದದ್ದರಲ್ಲಿ ನನ್ನ ದೇಹವೂ ಸೇರಿತು. ನನ್ನದೆಂಬ ಹಟಕ್ಕೆ, ನಾಲ್ಕು ಜನರ ಕಣ್ಣಿಗೆ ಭಕ್ತಳಾಗಿ ಕಾಣುವುದಕ್ಕೆ ಅದನ್ನು ಸುಡುವ ಹಕ್ಕು ನನಗಿಲ್ಲ. ಇದನ್ನು ನಾನು ಇವತ್ತಿಗೂ ಪೂರ್ತಿ ಮನಸ್ಸಿನಿಂದ ನಂಬಿದ್ದೇನೆ. ಮಕ್ಕಳಿಗೆ ಕಾಯಿಲೆ ಇದೆ ಎಂದು ಗೊತ್ತಿದ್ದೂ ಪ್ರಸಾದವಲ್ಲವೇ ಎಂದು ಒಂದು ಚೂರು ಬಾಯಿಗೆ ಹಾಕುವ ತಾಯಂದಿರನ್ನು ಕಂಡರೆ ಕೈಹಿಡಿದು ಇದನ್ನೇ ಹೇಳುತ್ತೇನೆ.

ಆದರೆ ಪೂರ್ವಾಶ್ರಯ ಎಂಬ ಆ ಮಾತು ಅಷ್ಟಕ್ಕೇ ನನ್ನನ್ನು ಬಿಡಲಿಲ್ಲ. ಗೋಧಿಯ ಪೂರ್ವಾಶ್ರಯದ ಮಾತಾಯಿತು; ಗಾಯದ ಪೂರ್ವಾಶ್ರಯ ಕಳೆಯುತ್ತದೆಯೇ?

ಕರುಳಿನ ಒಳಪದರದಷ್ಟು ಬೇಗ ಹೊಸದಾಗುವ ಅಂಗಾಂಶ ನಮ್ಮ ದೇಹದಲ್ಲಿ ಇಲ್ಲವೆಂದೇ ಹೇಳಬೇಕು. ವಿಲ್ಲೈಗಳ ಬುಡದಲ್ಲಿ ಸಣ್ಣ ಕುಳಿಗಳಿವೆ, ಅಲ್ಲಿರುವ ಕಾಂಡಕೋಶಗಳು ಹಗಲಿರುಳು ಹೊಸ ಕೋಶಗಳನ್ನು ಹುಟ್ಟಿಸುತ್ತವೆ. ಅವು ಮೇಲೇರುತ್ತ ನಾಲ್ಕೈದು ದಿನದಲ್ಲಿ ತುದಿ ತಲುಪಿ ಉದುರುತ್ತವೆ. ಆ ಕಾಂಡಕೋಶಗಳನ್ನು 2007ರಲ್ಲಿ ಗುರುತಿಸಿದ್ದು ಹಾನ್ಸ್ ಕ್ಲೆವರ್ಸ್ ಅವರ ಪ್ರಯೋಗಾಲಯ, ಡಿಕೆ ಪ್ರಬಂಧ ಒಪ್ಪಿಸಿದ ಅದೇ ಉಟ್ರೆಕ್ಟ್ ನಗರದಲ್ಲಿ. ನನ್ನ ಸ್ಲೈಡಿನ ಕೂಳೆಯ ಕೆಳಗೂ ಆ ಕುಳಿಗಳಿದ್ದವು, ಇರಬೇಕಾದ್ದಕ್ಕಿಂತ ಆಳವಾಗಿ. ಹಾಳಾಗುವುದಕ್ಕಿಂತ ಬೇಗ ಕಟ್ಟಬೇಕೆಂದು ಅವು ಮೈಮುರಿದು ದುಡಿಯುತ್ತಿದ್ದವು. ನಾನು ಗುಳಿಗೆ ನುಂಗುತ್ತ ದಣಿದು ಮಲಗಿದ್ದ ಹನ್ನೊಂದು ವರ್ಷವೂ, ನನಗೆ ಅರಿವಿಲ್ಲದೆ, ಈ ಕಾಯಕ ನಡೆದಿತ್ತು. ಪ್ರಸಾದ ಎಂಬ ಮಾತಿಗೆ ಪ್ರಸನ್ನತೆ, ಒಲುಮೆ ಎಂಬ ಅರ್ಥವೂ ಉಂಟಲ್ಲ, ಅದನ್ನು ನಾನು ಮುಟ್ಟಿ ತೋರಿಸಬಲ್ಲ ಜಾಗ ಇದೊಂದೇ.

ಐದು ದಿನಕ್ಕೊಮ್ಮೆ ಹೊಸದಾಗುವ ಪದರ ವಾಸಿಯಾಗಲು ಐದು ದಿನ ಸಾಲುವುದಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗ್ಲುಟೆನ್ ಬಿಟ್ಟ ವಯಸ್ಕರಲ್ಲಿ ಎರಡು ವರ್ಷಕ್ಕೆ ಕರುಳು ಚೇತರಿಸಿಕೊಂಡವರು ನೂರಕ್ಕೆ 34, ಐದು ವರ್ಷಕ್ಕೆ 66. ಮಕ್ಕಳಲ್ಲಿ ಇದು ಬೇಗ. ನನ್ನ ಎರಡನೆಯ ಬಯಾಪ್ಸಿ 2015ರಲ್ಲಿ ಆಯಿತು; ಬೆರಳುಗಳು ಚಿಗುರಿದ್ದವು, ಗಿಡ್ಡವಾಗಿ. 2018ರಲ್ಲಿ ನೋಡಿದಾಗ ಕರಿಹಲಗೆಯ ಮೇಲೆ ನಾನು ಬರೆಯುವಂಥ ಸಾಲು. ಪ್ಯಾಥಾಲಜಿಯವರು ಮಾತಾಡದೆ ಹಳೆಯ ಸ್ಲೈಡನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟರು.

ಅದೇ ಖುಷಿಯಲ್ಲಿ, ಪೂರ್ತಿ ವಾಸಿಯಾದರೆ ಒಂದು ದಿನ ಹುಗ್ಗಿ ಉಣ್ಣಬಹುದೇ ಎಂದು ಕೇಳಿದೆ. ಆಗುವುದಿಲ್ಲ. ಈ ಕಾಯಿಲೆಯಲ್ಲಿ ಗ್ಲುಟೆನ್ನಿನ ತುಣುಕನ್ನು ಗುರುತಿಸುವ, ರಕ್ಷಣಾ ಪಡೆಯ ಟಿ ಕೋಶಗಳ ಅದೇ ವಂಶ ರೋಗಿಯ ದೇಹದಲ್ಲಿ ದಶಕಗಳ ಕಾಲ ಉಳಿಯುತ್ತದೆ ಎಂದು ನಾರ್ವೆಯ ಸಂಶೋಧಕರು 2018ರಲ್ಲಿ ತೋರಿಸಿದ್ದಾರೆ. ಷಿಕಾಗೋದ ಬಾನಾ ಜಬ್ರಿ ಅವರ ತಂಡ 2019ರಲ್ಲಿ ಕಂಡದ್ದು ಇನ್ನೂ ಮನಸ್ಸಿಗೆ ತಟ್ಟುವಂಥದ್ದು: ಆರೋಗ್ಯವಂತರ ಕರುಳಿನ ಪದರದಲ್ಲಿ ಕಾವಲಿರುವ ಒಂದು ಬಗೆಯ ಕೋಶಗಳು ಈ ಉರಿಯಲ್ಲಿ ಒಮ್ಮೆ ಹೋದರೆ, ಗ್ಲುಟೆನ್ ಬಿಟ್ಟು ವಿಲ್ಲೈಗಳು ಮರಳಿದರೂ ಅವು ಮರಳುವುದಿಲ್ಲ. ಬಿಟ್ಟ ಜಾಗದಲ್ಲಿ ಬೇರೆಯವು ಬಂದು ಕೂತಿರುತ್ತವೆ. ಸ್ಲೈಡು ನೋಡಿದರೆ ಏನೂ ಆಗೇ ಇಲ್ಲವೆಂಬಂತೆ. ಒಳಗೆ ನೆನಪು ಹಾಗೇ.

ಸಂಸ್ಕಾರ ಎಂದು ನಮ್ಮ ದರ್ಶನಗಳು ಹೇಳುವುದು ಇದನ್ನೇ ಇರಬೇಕೆಂದು ಬಹಳ ದಿನ ಯೋಚಿಸಿದೆ. ಅನುಭವ ಮುಗಿದರೂ ಅದರ ಗುರುತು ಉಳಿದು, ಕಾರಣ ಸಿಕ್ಕಾಗ ಮತ್ತೆ ಏಳುವುದು. ಹಗ್ಗವನ್ನು ಹಾವೆಂದು ತಿಳಿಯುವ ಭ್ರಮೆ ಬೆಳಕು ತಂದರೆ ಹೋಗುತ್ತದೆ ಎಂದು ವೇದಾಂತಿಗಳು ಹೇಳುತ್ತಾರೆ. ನನ್ನ ಕರುಳಿನದು ಅಂಥ ಭ್ರಮೆಯಲ್ಲ. ಗ್ಲುಟೆನ್ ತನ್ನಷ್ಟಕ್ಕೆ ನಿರುಪದ್ರವಿ ಎಂದು ನನಗೆ ಗೊತ್ತು, ಆ ಅರಿವು ಒಂದು ಟಿ ಕೋಶವನ್ನೂ ಮುಟ್ಟುವುದಿಲ್ಲ. ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಗೋಧಿಯ ಪ್ರೋಟೀನಿನಲ್ಲಿ 33 ಅಮೈನೋ ಆಮ್ಲಗಳ ಒಂದು ಎಳೆ ಜೀರ್ಣರಸಕ್ಕೆ ಸಿಕ್ಕದೆ ಇಡಿಯಾಗಿ ಉಳಿಯುತ್ತದೆ. 2002ರಲ್ಲಿ ಅದನ್ನು ಗುರುತಿಸಿದ್ದು ಸ್ಟ್ಯಾನ್‌ಫರ್ಡಿನ ಚೈತನ್ ಖೋಸ್ಲಾ ಅವರ ತಂಡ. ಆ ಎಳೆಯನ್ನು ತುಸು ಬದಲಿಸಿ ಶತ್ರುವಿನಂತೆ ಕಾಣಿಸುವುದು ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ನಮ್ಮದೇ ಕಿಣ್ವ. ಅದರ ಸಹಜ ಕೆಲಸಗಳಲ್ಲೊಂದು ಗಾಯ ಹೊಲಿಯುವುದು. ಈ ಕಾಯಿಲೆಯಲ್ಲಿ ದೇಹ ಅದರ ವಿರುದ್ಧವೇ ಪ್ರತಿಕಾಯ ಹುಟ್ಟಿಸುತ್ತದೆ ಎಂದು 1997ರಲ್ಲಿ ತಿಳಿಯಿತು. ನನ್ನ ರಕ್ತದಲ್ಲಿ ಮೊದಲು ಪತ್ತೆಯಾದದ್ದೂ ಆ ಪ್ರತಿಕಾಯವೇ. ಹೊಲಿಯುವ ಕೈಯನ್ನೇ ಕಚ್ಚುವ ದೇಹವನ್ನು ನಾನು ಹೇಗೆ ಕ್ಷಮಿಸಲಿ ಎಂದು ಮೊದಮೊದಲು ಅಳುತ್ತಿದ್ದೆ. ಈಗ ಹಾಗೆ ಕೇಳಿಕೊಳ್ಳುವುದಿಲ್ಲ. ಮರೆಯದಿರುವುದು ಅದರ ಧರ್ಮ, ಚಿಗುರುವುದೂ ಅದರ ಧರ್ಮ. ಎರಡೂ ಒಂದೇ ಅಂಗುಲದಲ್ಲಿ ಕೂಡಿ ಬಾಳುತ್ತಿವೆ. ಮರೆತರೆ ಮಾತ್ರ ಕ್ಷಮೆ ಎಂದು ನಾವು ಮನುಷ್ಯರ ನಡುವೆ ಆಡುವ ಮಾತನ್ನು ನಾನು ಈಗ ನಂಬಲಾರೆ.

ಆ ಕಿಣ್ವವನ್ನೇ ತಡೆಹಿಡಿಯುವ ಒಂದು ಗುಳಿಗೆ ತಯಾರಾಗುತ್ತಿದೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ವಾರ ದಿನಕ್ಕೆ 3 ಗ್ರಾಂ ಗ್ಲುಟೆನ್ ತಿಂದವರ ಕರುಳಿಗೆ ಅದರಿಂದ ಹಾನಿ ಕಡಿಮೆಯಾಯಿತು. ಅದು ಬಂದರೆ, ಹೋಟೆಲಿನಲ್ಲಿ ಅರಿಯದೆ ತಿಂದ ಚೂರಿಗೆ ಹೆದರಿ ರಾತ್ರಿ ಕಳೆಯುವವರಿಗೆ ನೆಮ್ಮದಿ. ಬರಲಿ ಎಂದು ಬೇಡಿಕೊಳ್ಳುತ್ತೇನೆ. ಅಲ್ಲಿಯ ತನಕ ಅಡುಗೆಮನೆಯಲ್ಲೇ ನಮ್ಮ ಚಿಕಿತ್ಸೆ. ಅಂಗಡಿಯ ಹಿಂಗಿನಲ್ಲಿ ಬಹಳಷ್ಟು ಸಲ ಗೋಧಿಹಿಟ್ಟು ಬೆರೆಸಿರುತ್ತಾರೆ, ಹಾಗಾಗಿ ಮದುವೆ ಮನೆಯ ಸಾರೂ ನನಗಿಲ್ಲ. ಜೋಳದಲ್ಲಿ ಗ್ಲುಟೆನ್ ಇಲ್ಲ, ಆದರೆ ಗಿರಣಿಯಲ್ಲಿ ನನಗಿಂತ ಮುಂಚೆ ಬಂದವರು ಗೋಧಿ ಹಾಕಿಸಿರುತ್ತಾರೆ. ಕಲ್ಲಿನಲ್ಲಿ ಉಳಿದ ಹಿಟ್ಟು ನನ್ನ ಜೋಳದ ಜೊತೆ ಬರುತ್ತದೆ. ಗೋಧಿ ಬಿಟ್ಟ ಮೇಲೂ ಮೊದಲ ವರ್ಷ ನನ್ನ ಪ್ರತಿಕಾಯದ ಮಟ್ಟ ಇಳಿಯದಿರಲು ಇದೇ ಕಾರಣವೆಂದು ತಿಳಿಯಲು ಆರು ತಿಂಗಳು ಹಿಡಿಯಿತು.

ಅದನ್ನು ಅವ್ವನಿಗೆ ಹೇಳಿದ್ದೆ, ಅಷ್ಟೆ. ಅಟ್ಟದ ಕೆಳಗೆ ಮೂವತ್ತು ವರ್ಷದಿಂದ ಬಿದ್ದಿದ್ದ ಬೀಸುಕಲ್ಲನ್ನು ಅವಳು ಹೊರಗೆ ತೆಗೆಸಿದಳು. ಮೂರು ಸಲ ಬಿಸಿನೀರಿನಿಂದ ತೊಳೆದು, ಬಿಸಿಲಿಗಿಟ್ಟು, ಉಳಿಯಿಂದ ಹೊಸದಾಗಿ ಕೆತ್ತಿಸಿ, ಮೊದಲು ಎರಡು ಸೇರು ಜೋಳ ಬೀಸಿ ಆ ಹಿಟ್ಟನ್ನು ದನಕ್ಕೆ ಹಾಕಿದಳು. ಅದಾದ ಮೇಲೆ ಆ ಕಲ್ಲಿಗೆ ಗೋಧಿ ತಾಗಿಲ್ಲ. ಈಗ ಅವಳಿಗೆ ಎಂಬತ್ತು. ತಿಂಗಳಿಗೊಮ್ಮೆ ನನಗಾಗಿ ಹಿಟ್ಟು ಕಳಿಸುತ್ತಾಳೆ, ಡಬ್ಬಿಯ ಬಾಯಿಗೆ ಬಟ್ಟೆ ಬಿಗಿದು.

ಹೋದ ಜಾತ್ರೆಯಲ್ಲಿ ಬೆಳಿಗ್ಗೆಯೇ ಎದ್ದು ಎರಡು ರೊಟ್ಟಿ ಬಡಿದು, ಅಕ್ಕಿ ಪಾಯಸ ಮಾಡಿ, ಬೇರೆ ಬುಟ್ಟಿಯಲ್ಲಿಟ್ಟು ಮಠಕ್ಕೆ ತಂದಿದ್ದಳು. ಅಜ್ಜಾರು ಅದನ್ನೂ ಎಡೆ ಹಿಡಿದರು. ಪಂಕ್ತಿಯಲ್ಲಿ ಅವ್ವ ತನ್ನ ಕೈಯಿಂದಲೇ ನನ್ನ ಗಂಗಾಳಕ್ಕೆ ಬಡಿಸಿದಳು. ಹುಗ್ಗಿಯ ಬಕೆಟ್ ಬಂತು. ಹುಡುಗ ಸೌಟು ಎತ್ತಿ ನನ್ನ ಮುಂದೆ ನಿಂತು, ಹಾಕಲೋ ಬೇಡವೋ ಎಂದು ಮುಖ ನೋಡಿದ. ಅವ್ವ ತನ್ನ ಗಂಗಾಳವನ್ನು ಮುಂದಕ್ಕೆ ಸರಿಸಿ ಅಂದಳು: “ಆಕೀ ಪಾಲಿಂದೂ ಇಲ್ಲೇ ನೀಡು.”